ದೋಣಿಯ ದಿನಚರಿ

ಯಶ್ವಂತನ ಸ್ಕೂಟರ್ ಬೀದಿಯ ತಿರುವು ದಾಟುವ ಮೊದಲೇ ಈಶ್ವರಿ ಮಹಡಿಯ ಮೆಟ್ಟಿಲು ಹತ್ತಿದ್ದಳು. ಸೆರಗಿನಡಿಯಲ್ಲಿ ಗಂಡನ ನೀಲಿ ಪುಸ್ತಕ. ಅವನು ಕ್ರಯಪತ್ರ ಬರೆಸಲು ಹೋಗಿದ್ದ. ಇನ್ನೊಂದು ಗಂಟೆ ಬರುವುದಿಲ್ಲ.

"ಸುಪ್ರೀತಾ, ಬಾಗಿಲು ತೆಗಿ ಕಣ್ಣು. ನಿನ್ನಿಂದ ಒಂದು ಕೆಲಸ ಆಗಬೇಕು."

ಬಾಗಿಲು ತೆರೆದವಳು ದಾವಣಗೆರೆಯ ಹುಡುಗಿ. ಆಫೀಸಿನ ಕೆಲಸಕ್ಕೆಂದು ಕೊಯಮತ್ತೂರಿಗೆ ಬಂದು, ಎರಡು ವರ್ಷದಿಂದ ಈ ಆರ್.ಎಸ್. ಪುರಂ ಮನೆಯ ಮಹಡಿಯಲ್ಲಿದ್ದಳು. ಬಾಡಿಗೆಯವಳು ಅನ್ನುವುದು ಹೆಸರಿಗೆ ಮಾತ್ರ. ಜ್ವರ ಬಂದಾಗ ಈಶ್ವರಿಯೇ ಗಂಜಿ ಕುಡಿಸಿದ್ದಳು. ದೀಪಾವಳಿಗೆ ತನಗೊಂದು ಸೀರೆ ತಂದರೆ ಅವಳಿಗೂ ಒಂದು. ಒಡಹುಟ್ಟಿದವರಿಲ್ಲದ ಹೆಂಗಸು, ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜೀವ. ಪಾಪ, ಸಿಕ್ಕವಳನ್ನೇ ತಂಗಿ ಮಾಡಿಕೊಂಡು, ತಮಿಳರ ಹಾಗೆ ಮುದ್ದಿನಿಂದ 'ಕಣ್ಣು' ಎನ್ನುತ್ತಿದ್ದಳು.

"ಇದನ್ನು ಓದಿ ಹೇಳು. ನಮ್ಮದು ಬಾಯಿಮಾತಿನ ಕನ್ನಡ, ನಿನಗೇ ಗೊತ್ತಲ್ಲ."

ಗೊತ್ತಿರದೆ ಏನು? ಈಶ್ವರಿಯ ಮನೆತನ ಕಾಂಗೇಯಂನಲ್ಲಿ ನೆಲೆ ನಿಂತು ಎಷ್ಟು ತಲೆಮಾರಾಯಿತೋ ಅವರಿಗೇ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಶಾಲೆಯಲ್ಲಿ ಕಲಿತದ್ದೂ ತಮಿಳೇ. ಕನ್ನಡ ಅಕ್ಷರ ಆ ಮನೆಯವರಿಗೆಲ್ಲ ಬರೀ ಜಿಲೇಬಿ. ಕಾರವಾರದ ಅಳಿಯ ಯಶ್ವಂತ ಬಂದುಹೋದವರ ಮುಂದೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದ.

ಹಡಗಿನ ಕೆಲಸ ಬಿಟ್ಟರೂ ಅವನಿಗೆ ಕಡಲಿನ ಹುಚ್ಚು ಬಿಟ್ಟಿರಲಿಲ್ಲ. ಈ ಚಳಿಗಾಲ ಹೆಂಡತಿಯನ್ನೂ ಹಾಯಿದೋಣಿ ಹತ್ತಿಸಿದ. ಕೊಚ್ಚಿಯಲ್ಲಿ ಬಾಡಿಗೆಗೆ ಹಿಡಿದ ದೋಣಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾಲ್ಡೀವ್ಸ್‌ನಲ್ಲಿ ದ್ವೀಪದಿಂದ ದ್ವೀಪಕ್ಕೆ, ಇಬ್ಬರೇ. ರಾಮೇಶ್ವರದಲ್ಲಿ ಮೊಣಕಾಲುದ್ದ ನೀರು ಕಂಡಿದ್ದ ಈಶ್ವರಿ ಮೊದಲ ವಾರವಿಡೀ ವಾಂತಿ ಮಾಡಿದಳು. ಅಡುಗೆಮನೆಯೆಂದರೆ ಎರಡು ಮೊಳ ಜಾಗ. ಅಲ್ಲಿ ಒಂದೇ ಥರದ ಇಪ್ಪತ್ತೆಂಟು ಡಬ್ಬಿ, ಎಲ್ಲಕ್ಕೂ ಯಶ್ವಂತನ ಕೈಬರಹದ ಚೀಟಿ. ಚಹಾಕ್ಕೆ ಉಪ್ಪು ಹಾಕಿ ಬೈಸಿಕೊಂಡಳು. ಜನವರಿ ಹೊತ್ತಿಗೆ ಎಂಥ ಅಲೆಯಲ್ಲೂ ಮುಚ್ಚಳ ತೆರೆಯದೆಯೇ ಮೆಂತ್ಯ ಯಾವುದು, ಸಾಸಿವೆ ಯಾವುದು ಎಂದು ಗುರುತಿಸುತ್ತಿದ್ದಳು. ಹೊಸ ಡಬ್ಬಿ ಬಂದರೆ "ಇದಕ್ಕೂ ಹೆಸರು ಬರೀರಿ" ಎಂದು ಪೀಡಿಸುತ್ತಿದ್ದಳು. ಹಾಯಿಯ ಹಗ್ಗ ಎಳೆಯಲು ಕಲಿತಳು. ಹವಳದ ಮೇಲಿನ ತಿಳಿನೀರು, ದೋಣಿಯ ಪಕ್ಕದಲ್ಲೇ ಚಿಮ್ಮುವ ಮೀನು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅಷ್ಟು ಸುಖ ಕಂಡಿರಲಿಲ್ಲ, ದೇವರಾಣೆ ಕಂಡಿರಲಿಲ್ಲ.

ಫೆಬ್ರವರಿಯಲ್ಲಿ ನಿದ್ದೆ ಕೆಟ್ಟಿತು. ಕೆಡಿಸಿದ್ದು ಈ ಪುಸ್ತಕ. ದಿನಾ ಸಂಜೆ ಲಂಗರು ಇಳಿಸಿದ ಮೇಲೆ ಯಶ್ವಂತ ಅದನ್ನು ಹಿಡಿದು ಕೂರುತ್ತಿದ್ದ. ಕೇಳಿದರೆ "ಗಾಳಿ, ದಿಕ್ಕು, ಡೀಸೆಲ್ಲು" ಎನ್ನುತ್ತಿದ್ದ. ಬರೆದು ಮುಗಿಸಿ, ಮುಚ್ಚುವ ಗೋಜಿಗೂ ಹೋಗದೆ ಮೇಜಿನ ಮೇಲೆ ಬಿಟ್ಟು ಏಳುತ್ತಿದ್ದ.

"ಗಾಳಿ ಬಗ್ಗೆ ಬರೆಯೋ ಗಂಡಸು ತನ್ನಷ್ಟಕ್ಕೆ ನಗ್ತಾನಾ, ನೀನೇ ಹೇಳು" ಎಂದಳು ಈಶ್ವರಿ.

ಸುಪ್ರೀತಾಳ ಕೈ ಪುಸ್ತಕದ ಮೇಲೆಯೇ ನಿಂತಿತು. "ನಿಮಗೆ ಯಾರ ಮೇಲಾದರೂ ಸಂಶಯಾನಾ ಅಕ್ಕ?"

"ಪಕ್ಕದ ದೋಣಿಯಲ್ಲಿ ಒಬ್ಬಳು ವೆಳ್ಳೈಕಾರಿ ಇದ್ದಳು. ಇವರ ಜತೆ ಬಹಳ ಮಾತು."

"ಅಯ್ಯೋ, ಬಿಳಿ ಹೆಂಗಸಾ!" ಸುಪ್ರೀತಾ ಉಸಿರು ಬಿಟ್ಟು ನಕ್ಕಳು.

"ನಗಬೇಡ. ಅಪ್ಪ ನನಗೇಂತ ಕೊಟ್ಟ ಮನೆ ಇದು. ಇದನ್ನು ಮಾರಿ ಆ ದೋಣಿ ಕೊಂಡು ಅಲ್ಲೇ ಇರೋಣ ಅಂತಾರೆ. ನಾಳೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾನು ಸಹಿ ಹಾಕಬೇಕು. ತಪ್ಪೇನೂ ಬರೆದಿಲ್ಲ ಅಂತ ನೀನೊಬ್ಬಳು ಹೇಳಿಬಿಡು, ಕಣ್ಣುಮುಚ್ಚಿ ಹಾಕ್ತೀನಿ."

ಅವಳೇ ಹಾಳೆ ಮಗುಚಿ ಒಂದು ಪುಟ ತೆರೆದಳು. "ಇದು ಬರೆದ ದಿನ ತುಂಬಾ ನಕ್ಕಿದ್ದರು."

ಸುಪ್ರೀತಾ ಎದ್ದು ಫ್ಯಾನ್ ಜೋರು ಮಾಡಿದಳು. ಪುಟವನ್ನು ಮೇಲಿಂದ ಕೆಳಗೆ ನೋಡಿದಳು. ಗಂಟಲು ಸರಿಮಾಡಿಕೊಂಡು ಓದತೊಡಗಿದಳು.

"'ಇವತ್ತು ಈಶ್ವರಿ ಮೊದಲ ಸಲ ಚುಕ್ಕಾಣಿ ಹಿಡಿದಳು. ಇಂಥ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ. ಇನ್ನುಳಿದ ಆಯುಷ್ಯ ಇವಳ ಜತೆ ಈ ನೀರಿನ ಮೇಲೆಯೇ ಕಳೆಯಬೇಕು.'"

ಈಶ್ವರಿಯ ಕಣ್ಣಿಂದ ನೀರು ದಳದಳ ಇಳಿಯಿತು. "ಇನ್ನೊಂದು ಸಲ ಓದು ಕಣ್ಣು."

ಸುಪ್ರೀತಾ ಮತ್ತೆ ಓದಿದಳು. ಈ ಸಲ ಪುಣ್ಯ ಹೋಗಿ ಭಾಗ್ಯ ಬಂತು.

"ಹಾಗೇ ಬರೆದಿದ್ದಾರಾ? ನನ್ನ ಮೇಲೆ ಆಣೆ ಇಟ್ಟು ಹೇಳು."

"ನಿಮ್ಮಾಣೆ ಅಕ್ಕ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ." ಸುಪ್ರೀತಾ ಹತ್ತಿರ ಸರಿದು ಅವಳ ಕಣ್ಣೊರೆಸಿದಳು. "ಇಂಥ ಗಂಡನ ಮೇಲೆ ಸಂಶಯಪಟ್ಟರೆ ಪಾಪ ಬರುತ್ತೆ. ಧೈರ್ಯವಾಗಿ ಸಹಿ ಹಾಕಿ."

ಆ ಕೈಯನ್ನು ಈಶ್ವರಿ ಮೆಲ್ಲಗೆ ಸರಿಸಿದಳು. ಈ ಹುಡುಗಿಯಾದರೂ ನಿಜ ಹೇಳಲಿ ತಾಯಿ, ಇವಳೊಬ್ಬಳಾದರೂ ನನಗೆ ಉಳಿಯಲಿ ಎಂದು ಮೆಟ್ಟಿಲು ಮೆಟ್ಟಿಲಿಗೂ ಬೇಡಿಕೊಂಡು ಬಂದಿದ್ದಳು. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಡಬ್ಬಿಗಳ ಚೀಟಿ ನೋಡಿ ಕಲಿತ ಅಕ್ಷರಗಳನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದಾಗಿ ಕೂಡಿಸುತ್ತ ಬಾಯಿಬಿಟ್ಟಳು.

"'ನನ್ನ ಸುಪ್ರೀತಾ, ಇವಳು ಸಹಿ ಹಾಕಿದ ಮಾರನೇ ದಿನ ಇವಳನ್ನು ಕಾಂಗೇಯಂಗೆ ಕಳಿಸಿ, ನಿನ್ನನ್ನು ದೋಣಿ ಹತ್ತಿಸುತ್ತೇನೆ.'"