ಯಾರ್ದಪ್ಪ ಈ ಜೀಪು?

"ಬಾವ, ಬಂದ್ಬುಟ್ರು!"

ಧರ್ಮೇಂದ್ರನ ದನಿಗೆ ಜೀಪಿನ ಅಡಿಯಲ್ಲಿ ಮಲಗಿದ್ದ ನಿಂಗರಾಜು ತಟ್ಟನೆ ತಲೆಯೆತ್ತಿದ. ಹಣೆ ಕಬ್ಬಿಣಕ್ಕೆ ಬಡಿಯಿತು.

ಟೀ ಅಂಗಡಿಯ ಚಿಕ್ಕಸ್ವಾಮಿ ಆಗಲೇ ಫೋನು ಮಾಡಿ ಎಚ್ಚರಿಸಿದ್ದ. ಬಿಳಿ ಬೊಲೆರೋದಲ್ಲಿ ಬಂದ ಹಿರಿಯರೊಬ್ಬರು, ಎತ್ತರದ ಜೀಪಿರುವ ಗ್ಯಾರೇಜು ಯಾವುದೆಂದು ಪಾಂಡವಪುರವೆಲ್ಲ ಕೇಳಿಕೊಂಡು ತಿರುಗುತ್ತಿದ್ದಾರೆ. ಜೇಬಿನಲ್ಲಿ ಪೆನ್ನಿದೆ, ಕಂಕುಳಲ್ಲಿ ಬ್ಯಾಗಿದೆ, ಮುಖದಲ್ಲಿ ನಗುವಿಲ್ಲ.

"ಆರ್‌ಟಿಒನೇ ಕಣ್ಲಾ ನಿಂಗ. ನಿನ್ ಜೀಪು ಓಯ್ತು ಅಂತ್ಲೇ ತಿಳ್ಕೊ," ಎಂದು ಸಮಾಧಾನವನ್ನೂ ಹೇಳಿದ್ದ.

ಹಿಡಿಯುವುದಕ್ಕೆ ಆ ಜೀಪಿನಲ್ಲಿ ಬೇಕಾದಷ್ಟಿತ್ತು. ನಿಂಗರಾಜುವಿನ ಅಪ್ಪ ಮುದ್ದಯ್ಯ ಬದುಕಿರುವವರೆಗೂ ಹಾಲಿನ ಕ್ಯಾನು ಹೊತ್ತ ಗಾಡಿ ಅದು. ಅಪ್ಪ ಹೋದ ಮೇಲೆ ಮಗ ಅದಕ್ಕೆ ಮರುಜನ್ಮ ಕೊಟ್ಟ. ಮೈಯನ್ನು ಗೇಣುದ್ದ ಮೇಲೆತ್ತಿದ. ಟ್ರಾಕ್ಟರಿಗೆ ಸಮನಾದ ಟೈರು ಹಾಕಿದ. ನೀರಿಗಿಳಿದರೂ ಎಂಜಿನ್ನು ಉಸಿರಾಡಲೆಂದು ಬಾನೆಟ್ಟಿನ ಪಕ್ಕದಲ್ಲಿ ಆನೆಯ ಸೊಂಡಿಲಿನಂಥ ಕೊಳವೆ ನಿಲ್ಲಿಸಿದ. ಗಾಡಿಯ ಕಾಗದದಲ್ಲಿ ಇದಾವುದೂ ಇರಲಿಲ್ಲ. ಹಿಡಿದೊಯ್ದರೆ ಅದು ಸ್ಟೇಷನ್ನಿನ ಹಿಂದೆ ತುಕ್ಕು ತಿನ್ನುತ್ತ ಬೀಳುತ್ತದೆ. ಅಪ್ಪನ ಗುರುತೆಂದು ಉಳಿದಿದ್ದು ಅದೊಂದೇ.

ವೆಲ್ಡಿಂಗ್ ಕೆಲಸವೆಲ್ಲ ಸೋದರತ್ತೆಯ ಮಗ ಧರ್ಮೇಂದ್ರನದು. ದೇವಲಾಪುರದಿಂದ ಬಂದು ಗ್ಯಾರೇಜಿನಲ್ಲೇ ನಿಂತವನು. ಅವನ ಕೈಗುಣಕ್ಕೆ ಜೀಪು ತೊಣ್ಣೂರು ಕೆರೆಯ ಹಿಂದಿನ ಬಂಡೆಯನ್ನು ಹಲ್ಲಿಯಂತೆ ಹತ್ತುತ್ತಿತ್ತು. ಕಳೆದ ವರ್ಷ ಸುತ್ತಲ ಊರುಗಳ ಹುಡುಗರೆಲ್ಲ ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಾಗ, ನಿಂಗರಾಜು ಜೀಪಿನಲ್ಲೇ ಹತ್ತಿ ಎಲ್ಲರಿಗಿಂತ ಮೊದಲು ಉಘೇ ಎಂದು ಬಂದಿದ್ದ. ಧರ್ಮೇಂದ್ರ ಮಾತ್ರ ನಡೆದೇ ಹೋದ. ಭಕ್ತಿ ಇರಲಿಲ್ಲವೆಂದಲ್ಲ, ಆದರೆ ತಾನೇ ಎತ್ತರ ಮಾಡಿದ ಜೀಪಿನಲ್ಲಿ ಕೂತರೆ ಅವನಿಗೆ ವಾಂತಿ ಬರುತ್ತಿತ್ತು.

ನಿಂಗರಾಜು ತೆವಳಿಕೊಂಡು ಹೊರಬರುವಷ್ಟರಲ್ಲಿ ಬೊಲೆರೋ ಬಂದು ನಿಂತಿತು. ಇಳಿದ ಹಿರಿಯರು ಜೀಪಿಗೊಂದು ಪ್ರದಕ್ಷಿಣೆ ಬಂದು, ಛತ್ರಿಯ ತುದಿಯಿಂದ ಟೈರನ್ನು ತಿವಿದರು.

"ಯಾರ್ದಪ್ಪ ಈ ಜೀಪು?"

"ಗಡ್ಡನಾರ ಕೆರ್ಕಳ್ಳಾ, ಯಾರಾರ ಬಂದ್ರೆ ಏನಂದ್ಕತಾರೆ," ಎಂದು ಅವ್ವ ಚಿಕ್ಕಬೋರಮ್ಮ ಆವತ್ತು ಎದ್ದಾಗಿನಿಂದ ಕೂಗಿದ್ದಳು. ಕೆರೆಯದಿದ್ದುದೇ ಒಳ್ಳೆಯದಾಯಿತು ಎನ್ನಿಸಿತು ನಿಂಗರಾಜುವಿಗೆ. ಮಸಿ, ಗಡ್ಡ, ಹರಿದ ಬನಿಯನ್ನು. ಯಾರು ತಾನೇ ಮಾಲೀಕನೆಂದಾರು?

"ನಂಗೊತ್ತಿಲ್ಲ ಸಾ. ನಾನು ಕೂಲಿಗ್ ಬರೋನು. ಯಾರೋ ತಂದು ಬುಟ್ಟೋದ್ರು."

"ಗ್ಯಾರೇಜು?"

"ಅದೂ ನಂದಲ್ಲ ಸಾ."

"ಮತ್ಯಾರ್ದು?"

ನಿಂಗರಾಜು ಧರ್ಮೇಂದ್ರನ ಕಡೆ ನೋಡಿದ. ಮೊಸಳೆ ಕಾಲು ಹಿಡಿದ ಆನೆ ದೇವರನ್ನು ನೋಡಿದ ಹಾಗಿತ್ತು ಆ ನೋಟ. ಧರ್ಮೇಂದ್ರ ಕೈ ಒರೆಸಿಕೊಂಡು ಮುಂದೆ ಬಂದ.

"ಎಲ್ಲಾ ನನ್ ಜವಾಬ್ದಾರಿ ಸಾ. ಏನಿದ್ರೂ ನನ್ ಮ್ಯಾಲಾಕಿ. ಪಾಪ, ಅವ್ನ ಬುಟ್ಬುಡಿ."

ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಜೀಪನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

"ಕುಡಿಯೋದು ಗಿಡಿಯೋದು ಉಂಟಾ?"

"ಎಲ್ಲೀದು ಸಾ! ಜೀಪಲ್ಲಿ ಸುಮ್ಕೆ ಕೂತ್ರೇ ವಾಂತಿ ಆಯ್ತದೆ."

"ಮನೆದೇವ್ರು ಯಾವ್ದು?"

"ಚುಂಚನಗಿರಿ ಭೈರವ."

"ನಮ್ದು ಬ್ಯಾರೆ. ಸರಿಯಾಯ್ತು ಬುಡು."

ನಿಂಗರಾಜು ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದ. ಒಂದೇ ದೇವರ ಒಕ್ಕಲಾಗಿದ್ದರೆ ಅಣ್ಣತಮ್ಮಂದಿರೆಂಬ ದಾಕ್ಷಿಣ್ಯವಾದರೂ ಇರುತ್ತಿತ್ತು. ಇನ್ನು ಕೇಸು ಖಂಡಿತ.

"ಭಾನ್ವಾರ ನಮ್ಮೋರ್ನೂ ಕರ್ಕಂಡ್ ಬತ್ತೀನಿ. ಎಲ್ಲೂ ವೋಗ್ಬ್ಯಾಡ," ಎಂದು ಧರ್ಮೇಂದ್ರನಿಗೆ ಹೇಳಿ ಹಿರಿಯರು ಹೊರಟರು. ನಿಂಗರಾಜುವಿನ ಕಡೆ ತಿರುಗಿಯೂ ನೋಡಲಿಲ್ಲ. ಬದುಕಿದೆ ಎಂದುಕೊಂಡ ಅವನು.

ಆಮೇಲೆ ಇಬ್ಬರೂ ಸೇರಿ ಜೀಪನ್ನು ಬಿಚ್ಚಿದರು. ಸೊಂಡಿಲು ಹೋಯಿತು. ದಪ್ಪ ಟೈರು ಹೋಯಿತು. ಎತ್ತಿದ ಮೈ ಇಳಿಯಿತು. ಪಟ್ಟಕ್ಕೆ ನಿಂತವನು ನಾರುಮಡಿ ಉಟ್ಟಂತೆ, ಜೀಪು ಮತ್ತೆ ಹಾಲಿನ ಗಾಡಿಯಾಗಿ ನಿಂತಿತು. ನಿಂಗರಾಜು ಕಣ್ಣೊರೆಸಿಕೊಂಡ. ಮುಖಕ್ಕೂ ಗ್ರೀಸಾಯಿತು.

ಭಾನುವಾರ ಅವನೇ ಧರ್ಮೇಂದ್ರನಿಗೆ ಸ್ನಾನ ಮಾಡಿಸಿ, ಅವ್ವ ಯಾವುದೋ ಒಳ್ಳೆಯ ದಿನಕ್ಕೆಂದು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ತನ್ನ ಹೊಸ ಬಿಳಿ ಶರಟನ್ನು ತೊಡಿಸಿದ.

"ನೀಟಾಗಿದ್ರೆ ಆಫೀಸರು ವಸಿ ಮೆತ್ತಗಾಯ್ತಾರೆ ಕಣ್ಲಾ. ಒಳಿಕ್ ಹಾಕ್ದ್ರೂ ದಿನಾ ಮುದ್ದೆ ತತ್ತೀನಿ."

"ಬಸ್ಸಾರ್ನೂ ತಾ ಬಾವ," ಎಂದ ಧರ್ಮೇಂದ್ರ.

ಬೊಲೆರೋ ಬಂತು. ಮೊದಲು ಇಳಿದವರು ಹೆಂಗಸರು. ಅವರ ಕೈಯಲ್ಲಿ ತಟ್ಟೆ; ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಮಲ್ಲಿಗೆ. ಅವರ ಹಿಂದೆ ಛತ್ರಿಯ ಹಿರಿಯರು. ಕೊನೆಗೆ ಇಳಿದವನು ಮದುವೆ ದಲ್ಲಾಳಿ ನಂಜಪ್ಪ. ಬಿಳಿ ಶರಟನ್ನೂ ಹರಿದ ಬನಿಯನ್ನನ್ನೂ ನೋಡಿ ಅವನು ಹಣೆ ಚಚ್ಚಿಕೊಂಡ.

"ಅಯ್ಯೋ ಸಿದ್ದರಾಜಣ್ಣ, ನಾನೇಳಿದ್ ಗಂಡು ಇವ್ನಲ್ಲ, ಅವ್ನು! ಗ್ಯಾರೇಜು ಅವ್ನ್ದು, ಜೀಪು ಅವ್ರಪ್ಪಂದು!"

ಅಕ್ಕಿಹೆಬ್ಬಾಳಿನ ಸಿದ್ದರಾಜು ಇಬ್ಬರನ್ನೂ ಒಮ್ಮೆ ನೋಡಿ, ಛತ್ರಿಯ ತುದಿಯನ್ನು ಧರ್ಮೇಂದ್ರನ ಕಡೆಗೇ ಚಾಚಿದರು.

"ಇವ್ನೇ ಇರ್ಲಿ ಬುಡು ನಂಜಪ್ಪ. ಅಪ್ಪನ್ ಜೀಪ್ನೇ ಯಾರೋ ತಂದು ಬುಟ್ಟೋದ್ರು ಅಂದೋನು, ನಾಳೆ ನನ್ ಮಗಳ್ನೂ ಅಂಗೇ ಅಂದ್ಬುಟ್ರೆ?"