ಅರ್ಧ ಮಾತ್ರೆ

ಬಿಪಿ ನೂರ ತೊಂಬತ್ತು ತೋರಿಸಿದಾಗ ಪ್ರಮೀಳಾ, ಪುಟ್ಟಮಾದಮ್ಮನ ತೋಳಿಗೆ ಕಟ್ಟಿದ್ದ ಪಟ್ಟಿ ಬಿಚ್ಚುವುದನ್ನೇ ಮರೆತಳು. ಊರಿನ ಮನೆಮನೆಗೆ ಮಾತ್ರೆ ತಲುಪಿಸುವ ಕೆಲಸ ಅವಳದು. ಹೋದ ತಿಂಗಳು ಇಲ್ಲಿ ಕೊಟ್ಟವೆಲ್ಲ ಮುಗಿದಿದ್ದವು.

"ದೊಡ್ಡವ್ವ, ನಿಜ ಯೋಳು. ದಿನಾ ತಿಂದಿದ್ದೀಯಾ?"

"ತಿಂದಿವ್ನಿ ಕಣವ್ವ. ಅರ್ಧರ್ಧ." ಪುಟ್ಟಮಾದಮ್ಮ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದಳು. ಅದರ ಬಾಯಿಗೆ ಬಿಳಿ ಪುಡಿ ಅಂಟಿತ್ತು. "ಕೂಲಿಗೆ ನನ್ ಜೊತೇಲಿ ಬರೋಳ್ಗೂ ತಲೆ ಸುತ್ತು. ಎಲೆ ಅಡ್ಕೆ ಅಂಚ್ಕೊಂಡಂಗೆ ಇದ್ನೂ ಅಂಚ್ಕೊತೀವಿ."

ಪ್ರಮೀಳಾಳ ದನಿ ಗಡುಸಾಯಿತು. "ಇಬ್ರ ಜೀವಕ್ಕೂ ಕುತ್ತು ತತ್ತೀಯಾ. ಯಾರವಳು?"

ಪುಟ್ಟಮಾದಮ್ಮ ಅಡಕತ್ತರಿಯನ್ನು ಮೆಲ್ಲಗೆ ಮಡಚಿದಳು.

"ನಿಮ್ಮವ್ವ. ಊರೋರ ತೋಳ್ಗೆಲ್ಲ ಪಟ್ಟಿ ಕಟ್ತೀಯಲ್ಲ, ಅವಳ ತೋಳ್ಗೆ ಒಂದಿನಾರ ಕಟ್ಟಿದ್ದೀಯಾ?"