ಒಂಬತ್ತು ನಿಮಿಷದ ಮಾತು

"ಕೊನೇದೊಂದ್ ಮಾತು ತಗ್ದಾಕ್ಬುಡಿ ಅತ್ಗೆ," ಎಂದ ಹರ್ಷವರ್ಧನ, ಕಿವಿಯಿಂದ ಇಯರ್‌ಫೋನು ಕಿತ್ತು. "ಸೊಪ್ಪಿನ್ ತಪ್ಪು ಒಪ್ಕೊಂಡಿದ್ದೇ ಎಚ್ಚಾಯ್ತು. ಇದ್ನೂ ಆಕುದ್ರೆ ನಮ್ ಅಂಗ್ಳಕ್ಕೆ ಒಂದ್ ನರಪಿಳ್ಳೆ ಬರಾಕಿಲ್ಲ."

ಪುಷ್ಪಾ ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಲೇ ಇದ್ದಳು. ಆತಗೂರಿನ ಅವಳ ಹುಳಮನೆಯಲ್ಲಿ ರೇಷ್ಮೆಹುಳುಗಳು ಮೊಟ್ಟೆಯೊಡೆದು ಎರಡು ಸಲ ಪೊರೆ ಬಿಡುವ ತನಕ ಹಸುಗೂಸಿನ ಹಾಗೆ ಬೆಳೆಯುತ್ತವೆ. ಆಮೇಲೆ ರೈತರು ಕೊಂಡೊಯ್ದು ಗೂಡು ಕಟ್ಟಿಸುತ್ತಾರೆ. ಎರಡು ವರ್ಷದಿಂದ ಅವಳು ವಾರಕ್ಕೊಮ್ಮೆ ಫೋನಿನ ಮುಂದೆ ಕೂತು ಹುಳದ ಯೋಗಕ್ಷೇಮ ಮಾತಾಡುತ್ತಾಳೆ. ಮೈದುನ ಹರ್ಷ ಅದನ್ನು ಪಾಡ್‌ಕಾಸ್ಟ್ ಎನ್ನುತ್ತಾನೆ. ಜೇಬಿನಲ್ಲಿ ಫೋನಿಟ್ಟುಕೊಂಡು ಸೊಪ್ಪು ಕುಯ್ಯುತ್ತಾ ಕೇಳುವವರು 'ಪುಷ್ಪಕ್ಕನ ಮಾತು' ಎನ್ನುತ್ತಾರೆ. ನಡುವೆ ಕುಕ್ಕರ್ ಕೂಗಿದರೆ ಅದೂ ಹಾಗೇ ಇರುತ್ತದೆ. 'ನಮ್ಮಲ್ಲೇ ಹುಳ ತಗೊಳ್ಳಿ' ಎಂದು ಮಾತ್ರ ಒಂದು ದಿನವೂ ಅಂದವಳಲ್ಲ. ನೂರು ಮೊಟ್ಟೆ ಹುಳಕ್ಕೆ ಹತ್ತು ಪುಕ್ಕಟೆ ಅಂತ ಸೇರಿಸಿ ಎಂದು ಹರ್ಷ ಗೋಗರೆದಾಗ, "ನಾನೇನ್ ಸಂತೇಲಿ ಕೂಗೋಳಾ?" ಎಂದು ಬಾಯಿ ಮುಚ್ಚಿಸಿದ್ದಳು. ಹಾಗಿದ್ದೂ ಮಳವಳ್ಳಿ ಕಡೆಯಿಂದೆಲ್ಲ ಜನ ಮನೆ ಹುಡುಕಿಕೊಂಡು ಬರುತ್ತಿದ್ದರು.

ಮೊನ್ನೆ ಯಲಿಯೂರಿನ ತಿಮ್ಮಯ್ಯ ಬಂದಿದ್ದ. ಅವನು ಒಯ್ದಿದ್ದ ಹುಳಗಳೆಲ್ಲ ಮಾರನೇ ದಿನವೇ ಹಸಿರು ಕಾರಿಕೊಂಡು ಸತ್ತಿದ್ದವು.

"ನಿನ್ ತಪ್ಪಲ್ಲ ಕಣವ್ವ. ನಮ್ ಸೊಸೆ ಅನು ಮುಟ್ಟಾಗಿದ್ದೋಳು ಉಳದ್ ಮನೆ ಒಳೀಕ್ ಓಗ್ಬುಟ್ಟವ್ಳೆ. ಸೋಮ್ವಾರ ಅವಳ್ನ ತವರ್ಗೆ ಬುಟ್ ಬತ್ತೀನಿ. ಆಮೇಕೆ ಒಸಾ ಉಳ ಕೊಡು."

"ಅಯ್ಯೋ, ಆ ಮಗೀದೇನಿಲ್ಲ ಕಣಣ್ಣ! ಪಕ್ಕದ್ ತೋಟಕ್ಕೆ ಔಸ್ದಿ ಹೊಡ್ದಿದ್ರು. ನಾನು ಅವಸರ ಬಿದ್ದು ಬದೀ ಮೇಗಳ ಸೊಪ್ಪೇ ಕುಯ್ದು ನಿಮ್ ಹುಳಕ್ಕೆ ಹಾಕ್ಬುಟ್ಟಿವ್ನಿ. ನಂಗೂ ನೆನ್ನೆನೇ ಗೊತ್ತಾಗಿದ್ದು. ನಾನೇ ಬರೋಳಿದ್ದೆ."

ತಿಮ್ಮಯ್ಯ ನಕ್ಕುಬಿಟ್ಟ. "ಎಣ್ಣಿಗೆ ಎಣ್ಣು ಸಾಕ್ಸಿ! ಬುಡವ್ವ, ನೀ ದೊಡ್ ಮನಸ್ನೋಳು."

ಅವನು ಹೋದ ಮೇಲೆ ಅವಳು ಒಂಬತ್ತು ನಿಮಿಷ ಮಾತಾಡಿ ಇಟ್ಟಿದ್ದಳು. ಯಾರ ಹೆಸರೂ ಎತ್ತದೆ, ವಿಷದ ಸೊಪ್ಪು ಹಾಕಿದವಳು ತಾನೇ ಎಂದು ಹೇಳಿದ್ದಳು. ಹರ್ಷನ ಎದೆ ಒಡೆಸಿದ್ದು ಅದರ ಕೊನೆ: "ಮುಟ್ಟಾದ ಹೆಂಗ್ಸು ಒಳಕ್ಕೆ ಬಂದ್ರೆ ಹುಳ ಸಾಯಲ್ಲ. ನಾನೂ ತಿಂಗಳು ತಿಂಗಳೂ ಮುಟ್ಟಾಗ್ತೀನಿ. ಎರಡು ವರ್ಷದಿಂದ ನೀವು ಒಯ್ದ ಹುಳಕ್ಕೆಲ್ಲ ಆ ಮೂರು ದಿನಾನೂ ಸೊಪ್ಪು ಹಾಕಿರೋ ಕೈ ಇದೇ."

"ಇದ್ನ ಕೇಳುದ್ರೆ, ಒಯ್ದಿರೋ ಹುಳಾನೂ ತಂದು ಅಂಗ್ಳದಲ್ ಸುರ್ದು ಓಯ್ತಾರೆ," ಎಂದ ಹರ್ಷ.

"ಸುರೀಲಿ. ಸೊಪ್ಪು ಹಾಕ್ತೀನಿ."

"ಯಾಪಾರ ನಿಂತೋದ್ರೆ?"

"ಮದ್ವೆಯಾಗಿ ಇನ್ನೂ ವರ್ಸ ತುಂಬಿಲ್ಲ ಕಣಪ್ಪ ಆ ಹುಡ್ಗೀಗೆ. ನನ್ ತಪ್ಪು ಹೊತ್ಕೊಂಡು ಬಸ್ ಹತ್ತೋಳು ಅವಳು. ಅವಳ್ನ ಬಸ್ ಹತ್ಸಿ ಉಳ್ಸ್ಕೊಳೋ ಯಾಪಾರ ನಂಗ್ಯಾಕೆ?"

ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನಿಂದ ಫೋನು ಈಸಿಕೊಂಡವಳೇ ಮಾತನ್ನು ಇಡಿಯಾಗಿ ಎಲ್ಲರಿಗೂ ಹೋಗುವಂತೆ ಒತ್ತಿಬಿಟ್ಟಳು.

ಭಾನುವಾರ ಮಧ್ಯಾಹ್ನದೊಳಗೆ ಮೂರು ಮನೆಯವರು ಹುಳ ಬೇಡ ಎಂದರು. ಹನಕೆರೆಯ ಕೆಂಪಸಿದ್ದಯ್ಯ ಫೋನಿನಲ್ಲೇ ನೊಂದುಕೊಂಡ. "ನಮ್ದು ದೇವ್ರ್ ಒಕ್ಕಲು ಕಣಮ್ಮ. ಮನೇಲಿ ಒಪ್ಪಾಕಿಲ್ಲ."

"ಆಗ್ಲಿ ಕಣಣ್ಣ. ಎಲ್ಲೇ ತಗೊಳಿ, ಹೊತ್ತು ಮುಳುಗಿದ್ಮೇಲೆ ಸಾಗ್ಸಿ. ಬಿಸ್ಲು ಹುಳಕ್ಕಾಗಲ್ಲ," ಎಂದಳು ಪುಷ್ಪಾ. ಹರ್ಷ ಹಣೆ ಚಚ್ಚಿಕೊಂಡ.

ಸೋಮವಾರಕ್ಕೆ ಮೊದಲು ಅನುವಿನ ಅತ್ತೆ ದೊಡ್ಡತಾಯಮ್ಮನನ್ನು ಎದುರಿಗೆ ಕೂರಿಸಿಕೊಂಡು ಹೇಳಬೇಕೆಂದು ಪುಷ್ಪಾ ಸಂಜೆ ಸ್ಕೂಟರ್ ಹತ್ತಿ ಯಲಿಯೂರಿಗೆ ಹೊರಟಳು. ಹಾಲಿನ ಡೈರಿಯ ಹತ್ತಿರ ಬಂದಾಗ ಯಾರೋ ಜೋರಾಗಿ ಮಾತಾಡುವುದು ಕೇಳಿಸಿತು. ಅದು ಅವಳದೇ ದನಿ.

ಕ್ಯಾನು ಹಿಡಿದವರ ಸಾಲು ಡೈರಿಯ ಬಾಗಿಲಿನಿಂದ ಬೀದಿಯ ತಿರುವಿನ ತನಕ ಇತ್ತು. ಸಾಲಿನ ನಡುವೆ, ನೆಲ ನೋಡುತ್ತಾ ತಿಮ್ಮಯ್ಯ ನಿಂತಿದ್ದ. ಜಗಲಿಯ ಮೇಲೆ, ಹುಳ ಒಯ್ಯಲು ಮಾವನ ಜೊತೆ ಬಂದಿದ್ದ ಆ ತೆಳ್ಳನೆಯ ಹುಡುಗಿ, ಅನು, ಫೋನನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದುಕೊಂಡು ನಿಂತಿದ್ದಳು. ಒಂಬತ್ತು ನಿಮಿಷ ಮುಗಿಯಿತು.

"ಸಾಕು ಇಳ್ಯವ್ವ ಕೆಳೀಕೆ," ಎಂದ ಸಾಲಿನ ಮುಂದೆ ನಿಂತಿದ್ದ ಮುದುಕ ಮರಿಸಿದ್ದಯ್ಯ. "ಕೇಳಿದ್ದಾಯ್ತಲ್ಲ."

"ನೀವು ಕೇಳುದ್ರಿ ತಾತ," ಎಂದಳು ಅನು. "ಇಂದ್ಗಡೆ ಈಗ ಬಂದ್ ನಿಂತವ್ರಲ್ಲ, ಅವ್ರು ಕೇಳ್ನಿಲ್ಲ."

ಮತ್ತೆ ಮೊದಲಿನಿಂದ ಒತ್ತಿದಳು.